ಗೌರೀಶನ ಗಿಟಾರಿನ ಸಿಳ್ಳೆ

ನಮ್ಮ ಬನಹಟ್ಟಿಯಲ್ಲಿ ಗೌರೀಶನ ಗಿಟಾರನ್ನು ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ನೂಲಿನ ಅಂಗಡಿಯ ಗಲ್ಲಾದ ಮೇಲೆ ಕೂತು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೇಸ್‌ಬುಕ್ಕಿನಲ್ಲಿ ಅವನ ಬಗ್ಗೆ ಉದ್ದುದ್ದ ಬರೆಯುವುದು ನನ್ನ ಚಟ. ಹಗಲೆಲ್ಲ ಮನೆಯ ಪವರ್‌ಲೂಮ್ ನಡೆಸಿ ಸಂಜೆ ರಾಕ್ ನುಡಿಸುವ ಆಸಾಮಿ ಅವನು. ಮೊದಮೊದಲು ತಂತಿಯ ಮೇಲೆ ಅವನ ಬೆರಳು ಓಡುವ ರಭಸಕ್ಕೆ ಹುಚ್ಚಾಗಿದ್ದೆ. ಬರಬರುತ್ತ ಅವನು ಓಟ ಬಿಟ್ಟ. ಸಣ್ಣ ತಂತಿಗಳನ್ನು ಮುಟ್ಟುವುದೇ ಕಡಿಮೆಯಾಯಿತು. ದಪ್ಪ ತಂತಿಯ ಮೇಲೆ ಒಂದೇ ಸ್ವರ ಹೊಡೆದು, ಅದು ಪೂರ್ತಿ ಆರುವತನಕ ಕಾಯತೊಡಗಿದ. ಕೇಳುವವರ ಎದೆ ಅದುರುತ್ತಿತ್ತು. "ಮಾಗಿದ್ದಾನೆ" ಎಂದು ಬರೆದೆ.

ಹೋದ ವರ್ಷದಿಂದ ಆ ದಪ್ಪ ಸ್ವರಗಳ ಮೇಲೊಂದು ಸಣ್ಣ ಸಿಳ್ಳೆ ಸೇರಿಕೊಂಡಿತು. ಸ್ಪೀಕರಿನಿಂದ ಬರುವ, ಹಲ್ಲು ಜುಮ್ಮೆನ್ನಿಸುವ ಕೀರಲು. ಲೋಕಾಪುರದ ಕಾರ್ಯಕ್ರಮದಲ್ಲಿ ಜನ ಕಿವಿ ಮುಚ್ಚಿಕೊಂಡು ಎದ್ದುಹೋದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಎಲ್ಲರೆದುರು ಬೈದೆ. ನಿಜವೆಂದರೆ ನನ್ನ ಕಿವಿಯೂ ನೋಯುತ್ತಿತ್ತು. ಹಾಗೆಂದು ಒಪ್ಪಿಕೊಂಡರೆ ನನ್ನ ದೊಡ್ಡಸ್ತಿಕೆ ಏನಾಗಬೇಕು? "ಮಗ್ಗ ನಿಂತ ಮೇಲೂ ನೇಕಾರನ ತಲೆಯೊಳಗೆ ಉಳಿಯುವ ಸಿಳ್ಳೆ ಇದು" ಎಂದು ಬರೆದೆ. ಪುಣೆಯವರು, ಹುಬ್ಬಳ್ಳಿಯವರು ಅದನ್ನು ಹಂಚಿಕೊಂಡರು. ಗೌರೀಶನ ಜೊತೆ ಡ್ರಮ್ ಬಾರಿಸುತ್ತಿದ್ದ ಅಮಿತ ಮಾತ್ರ ನೆಟ್ಟಗೆ ಅಂಗಡಿಗೇ ಬಂದ.

"ಉಜ್ವಲಕ್ಕಾರ, ಆ ಸಿಳ್ಳಿ ತಗಿಸ್ರಿ. ನಾ ಹೇಳಿದ್ರ ಗೌರ್ಯಾ ಹೂಂ ಅಂತಾನ, ಮತ್ತ ಹಂಗ ಮಾಡ್ತಾನ. ನಿಮ್ಮ ಮಾತು ಕೇಳ್ತಾನ ಅವ."

"ನಿನಗ ಹೊಟ್ಟಿಕಿಚ್ಚು, ನಡಿ" ಎಂದು ಅಟ್ಟಿದೆ. ಗೌರೀಶನಿಗೂ ವಾಟ್ಸಪ್ಪಿನಲ್ಲಿ ಅಷ್ಟೇ ತಿಳಿಸಿದೆ, ಅಮಿತನಿಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಎಂದು. ಅವರಿಬ್ಬರ ನಡುವೆ ಮಾತು ನಿಂತಿತು. ಗೌರೀಶ ಒಬ್ಬನೇ ಉಳಿದ.

ಜಮಖಂಡಿಯ ಕಾರ್ಯಕ್ರಮಕ್ಕೆ ಹೊರಟಾಗ ಅವನು ಹೇಳಿದ: "ಈ ಸಲಾನೂ ಮಂದಿ ಎದ್ದು ಹೋದ್ರ ಗಿಟಾರ್ ಮಾರಿಬಿಡ್ತೀನ್ರಿ. ಸಾಕಾತು."

ನನ್ನ ಜೊತೆ ಅವ್ವನೂ ಬಂದಿದ್ದಳು. ನನ್ನವ್ವ ಶಿವವ್ವ ಹರೆಯವನ್ನೆಲ್ಲ ಮಗ್ಗದ ಸದ್ದಿನಲ್ಲಿ ಕಳೆದವಳು. ಬಾಗಿಲು ಬಡಿದರೆ ಅವಳಿಗೆ ತಿಳಿಯುತ್ತದೆ, ಲಾರಿ ಹೋದರೆ ತಿಳಿಯುತ್ತದೆ. ಕುಕ್ಕರು ಮಗ್ಗುಲಲ್ಲೇ ಕೂಗಿದರೂ ತಿರುಗಿ ನೋಡುವುದಿಲ್ಲ. ನಮ್ಮ ಓಣಿಯಲ್ಲಿ ಇಂಥವರು ಮನೆಗೊಬ್ಬರಿದ್ದಾರೆ.

ನುಡಿಸಾಣಿಕೆ ಶುರುವಾಗಿ ಸಿಳ್ಳೆ ಎದ್ದ ಕೂಡಲೇ ಮೈಕಿನವನು ಅದನ್ನು ತಗ್ಗಿಸಲು ಕೈ ಚಾಚಿದ. "ಮುಟ್ಟಬ್ಯಾಡ್ರಿ! ಬೇಕಂತ ಮಾಡಿದ್ದದು" ಎಂದು ಗದರಿದೆ. ಪಾಪ, ಕೈ ಹಿಂದೆ ತೆಗೆದುಕೊಂಡ. ಗೌರೀಶ ಕಣ್ಣು ಮುಚ್ಚಿ ನುಡಿಸುತ್ತಲೇ ಇದ್ದ. ಸಿಳ್ಳೆ ಇನ್ನೂ ಏರಿತು. ಮುಂದಿನ ಸಾಲಿನವರು ಕಿವಿಗೆ ಬೆರಳಿಟ್ಟರು. ನೋಡಿದರೆ ನಾನೂ ಇಟ್ಟುಕೊಂಡಿದ್ದೆ.

"ಛಲೋ ಬಾರಸ್ತಾನ. ಮಂದಿ ಯಾಕ ಕಿವಿ ಮುಚ್ಕೊಂಡಾರ ಬೇ?" ಅವ್ವ ಗಟ್ಟಿಯಾಗಿ ಕೇಳಿದಳು.

"ಸಿಳ್ಳಿ ಯವ್ವಾ, ಸಿಳ್ಳಿ!"

"ಯಾವ ಸಿಳ್ಳಿ?"

ಅವಳ ಮುಖ ನೋಡಿದೆ. ಆಮೇಲೆ ವೇದಿಕೆಯ ಮೇಲಿನ ಮುಖ ನೋಡಿದೆ. ಇಡೀ ಹಾಲಿನಲ್ಲಿ ನೆಮ್ಮದಿಯಿಂದಿದ್ದ ಮುಖಗಳು ಅವೆರಡೇ. ಮಗ್ಗದ ಸದ್ದಿಗೆ ಕಿವಿ ಮಂದವಾಗಿ, ಸಣ್ಣ ತಂತಿ ಕೇಳಿಸದ್ದರಿಂದ ಗೌರೀಶ ಅದನ್ನು ಬಿಟ್ಟಿದ್ದ. ಕೇಳಿಸಿದ ಕಡೆಗೆ ಸರಿದಿದ್ದ, ಅಷ್ಟೇ. ದಿನಾ ಮನೆಯಲ್ಲಿ ಅವ್ವನ ಬದಲು ಎದ್ದು ಕುಕ್ಕರು ಆರಿಸುವವಳು ನಾನು. ಆದರೂ ಅವನ ಕಿವುಡಿಗೆ ಶೈಲಿ ಎಂದು ಹೆಸರಿಟ್ಟು ಊರೂರಿಗೆ ಸಾರಿದೆ. ಅದಕ್ಕಿಂತ ಹೇಸಿಗೆಯ ಮಾತೆಂದರೆ, ಗೊತ್ತಾದ ಮೇಲೂ ನಾನು ಮೈಕಿನವನಿಗೆ ಸನ್ನೆ ಮಾಡಲಿಲ್ಲ. ಈಗತಾನೇ ಎಲ್ಲರೆದುರು ಗದರಿದ್ದೆನಲ್ಲ. ಜನ ಒಬ್ಬೊಬ್ಬರಾಗಿ ಎದ್ದುಹೋದರು.

ಕಾರ್ಯಕ್ರಮ ಮುಗಿದ ಮೇಲೆ ಗೌರೀಶ ವೇದಿಕೆಯ ಹಿಂದೆ ವೈರು ಸುತ್ತುತ್ತ ಕೂತಿದ್ದ.

"ಮತ್ತ ಹೋದ್ರು" ಎಂದ. "ನೀವರ ಕುಂತ್ರಿ. ನೀವು ಬರದಿದ್ದು ಓದಿ ಓದೇ ಇಷ್ಟು ದಿನ ಧೈರ್ಯ ತಗೊಂಡೇನ್ರಿ. ಒಂದ ತಿಳೀವಲ್ದು. ಸಿಳ್ಳಿ, ಸಿಳ್ಳಿ ಅಂತ ಬರೀತೀರಲ್ಲ, ಅದು ಯಾವ್ದು?"

ತಪ್ಪಿಸಿಕೊಳ್ಳಲು ಇನ್ನೊಂದು ಚಂದದ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವನೆದುರು ಕೂತು ನಿಧಾನವಾಗಿ ಹೇಳಿದೆ: "ಅದು ಸ್ಪೀಕರಿನ ಕೀರಲು, ಗೌರೀಶ. ಮಂದಿ ಎದ್ದು ಹೋಗೂದು ಅದಕ್ಕ. ನಿನಗ ಕೇಳಸೂದಿಲ್ಲ."

ಅವನ ಕೈ ನಿಂತಿತು.

"ಅಮಿತ?"

"ಅದನ್ನ ಹೇಳಾಕ ಬಂದಿದ್ದ ಅವ. ಹೊಟ್ಟಿಕಿಚ್ಚು ಅಂತ ನಾನ ಅಟ್ಟಿದೆ."

ಬೈದಿದ್ದರೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. ಫೋನು ತೆಗೆದು, ಅಮಿತನ ಹೆಸರು ಒತ್ತಿ ನನ್ನ ಕೈಗೆ ಕೊಟ್ಟ.

"ಫೋನಿನ್ಯಾಗ ಅವ ಏನಂತಾನ ನನಗ ತಿಳಿಯೂದಿಲ್ರಿ. ನನಗ ಹೇಳಿದ್ದ ಅವಂಗೂ ಹೇಳ್ರಿ."

ಆ ಕಡೆ ಫೋನೆತ್ತಿದ ಸದ್ದಾಯಿತು. "ಗೌರ್ಯಾ? ಎಷ್ಟು ದಿನಾತಲೇ! ಮಾತಾಡಲೇ!" ಅಮಿತನ ದನಿಯಲ್ಲಿ ಸಂತೋಷ ತುಂಬಿತ್ತು.

"ನಾನಪ್ಪಾ, ಉಜ್ವಲಾ" ಎಂದೆ. ಮುಂದಿನ ಮಾತಿಗಾಗಿ ಗೌರೀಶ ನನ್ನ ತುಟಿಗಳನ್ನೇ ನೋಡುತ್ತ ಕೂತಿದ್ದ.