ನೀರಾನೆಗೆ ನಿದ್ದೆ ಬಂದಿಲ್ಲ

ಚಳಿಗಾಲದ ಬೆಳಗು. ದೂರದ ಬೆಟ್ಟಗಳಲ್ಲಿ ಎಂದೋ ಸುರಿದ ಮಳೆಯ ನೆರೆನೀರು ಕಾಲುವೆಯಂಚಿನ ಹುಲ್ಲನ್ನೆಲ್ಲ ಮುಳುಗಿಸಿ ದಡದ ಮರದ ಬೇರಿನವರೆಗೂ ಬಂದಿತ್ತು. ಗಲೆಫೆಲೆ ತನ್ನ ದೋಣಿಯೊಳಗಿನ ಹಳೆಯ ಹುಲ್ಲನ್ನು ಬಾಚಿ ಎಸೆದು, ಒಣಗಿದ ಜೊಂಡನ್ನು ಮಂದವಾಗಿ ಹಾಸುತ್ತಿದ್ದಳು. ಅತಿಥಿಯ ಕುಂಡಿ ಒದ್ದೆಯಾದರೆ ಇಡೀ ದಿನ ಮುಖ ಗಂಟಿಕ್ಕಿಕೊಂಡೇ ಇರುತ್ತಾನೆ ಎನ್ನುವುದು ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಿಸುವ ಈ ಕಸುಬಿನಲ್ಲಿ ಎಲ್ಲರೂ ಮೊದಲು ಕಲಿಯುವ ಪಾಠ.

"ಹಾಸಿಗೆ ಭಾರೀ ಮೆತ್ತಗೆ ಹಾಕ್ತಿದ್ದೀಯಲ್ಲ ಅಕ್ಕ, ಹೊಸ ಮದುವೆಯವರಾ?" ಪಕ್ಕದ ದೋಣಿಯಿಂದ ತಿರೆಲೊ ಕೇಳಿದ. ದಡದ ಅಂಬಿಗರಲ್ಲೆಲ್ಲ ಅವನಿಗೇ ಹೆಸರು ಹೆಚ್ಚು, ಬಾಯೂ ಹೆಚ್ಚು.

"ಯಾರಾದರೇನು, ನಿನ್ನ ಹಾಗೆ ಮುಳ್ಳು ಹಾಸಿ ಕೂರಿಸಲ್ಲ."

"ನಂದು ಮುಳ್ಳೇ ಆದ್ರೂ ನನ್ನನ್ನೇ ಹುಡುಕ್ಕೊಂಡು ಬರ್ತಾರಲ್ಲ!"

"ಬರ್ತಾರೆ, ಬರ್ತಾರೆ. ಮನೇಲಿ ಒಂದು ಬಿಂದಿಗೆ ನೀರು ತಂದುಕೊಡು ಅಂದ್ರೆ ಮಾತ್ರ ಇವನನ್ನ ನಾನು ಹುಡುಕಬೇಕು," ಎಂದಳು ಅವನ ಹೆಂಡತಿ ಬೊಂಟ್ಲೆ. ಅವಳು ಬೆನ್ನಿಗೆ ಮಗುವನ್ನು ಕಟ್ಟಿಕೊಂಡು, ದಡದಲ್ಲೇ ಒಲೆ ಹೂಡಿ ಹಿಟ್ಟಿನುಂಡೆ ಕರಿದು ಮಾರುವವಳು. ಸುತ್ತಲಿದ್ದವರು ನಕ್ಕರು. ಗಲೆಫೆಲೆಯೂ ನಕ್ಕಳು.

ಅಷ್ಟರಲ್ಲಿ ಮಾವುನ್ ಪಟ್ಟಣದಿಂದ ಅತಿಥಿಗಳನ್ನು ಹೊತ್ತ ಜೀಪು ಮರಳಿನಲ್ಲಿ ಹೂತುಕೊಳ್ಳುತ್ತ, ಏಳುತ್ತ ಬಂದು ನಿಂತಿತು. ಚಾಲಕ ತಲೆ ಹೊರಗೆ ಹಾಕಿ ಕೂಗಿದ: "ಇವತ್ತು ಆಕಳಿಕೆ ತೋರಿಸೋರು ಯಾರಪ್ಪಾ?"

ಗಲೆಫೆಲೆಯ ನಗು ಅಲ್ಲೇ ಸತ್ತಿತು.

ಆ ಆಟವನ್ನು ದಡದವರೆಲ್ಲ ಬಲ್ಲರು. ನೀರಾನೆಗಳಿರುವ ಮಡುವಿನ ಬಳಿ ದೋಣಿ ನಿಲ್ಲಿಸಿ, ದೋಣಿ ನೂಕುವ ಗಳವನ್ನು ನೀರಿನ ಮೇಲೆ ಅಡ್ಡಡ್ಡ ಬಡಿಯಬೇಕು. ನೀರಾನೆ ತಲೆಯೆತ್ತಿ, ಹಾರೆಯಂಥ ಹಲ್ಲು ಕಾಣುವಂತೆ ಬಾಯಿ ತೆರೆಯುತ್ತದೆ. "ನೋಡಿ, ಪಾಪ, ನಿದ್ದೆ ಬಂದಿದೆ" ಎನ್ನಬೇಕು. ಅತಿಥಿಗಳು ಖುಷಿಯಾಗಿ ಫೋಟೋ ಹೊಡೆದುಕೊಳ್ಳುತ್ತಾರೆ. ಅದು ನಿದ್ದೆಯಲ್ಲ, ಇನ್ನೊಂದು ಮಾರು ಮುಂದೆ ಬಂದರೆ ಕೊಲ್ಲುತ್ತೇನೆ ಎನ್ನುವ ಮಾತು ಎಂದು ಈ ನೀರಿನಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಆದರೆ ಮನೆಗೆ ಬಂದವರಿಗೆ 'ಇಲ್ಲ' ಎಂದು ಹೇಳುವ ಅಭ್ಯಾಸ ಅಲ್ಲಿಯವರಿಗಿಲ್ಲ. ಅತಿಥಿ ಕೇಳಿದ, ಇವರು ಬಡಿದರು. ಕಳೆದ ನೆರೆಯ ಕಾಲದಲ್ಲಿ ಗಲೆಫೆಲೆಯ ಗಂಡ ಸೆಲ್ಲೊ ಹಾಗೆ ಬಡಿದಾಗ, ನೀರಾನೆ ಬಾಯಿ ತೆರೆದು ಮುಚ್ಚಿ ನೀರೊಳಗೆ ಮುಳುಗಿತು; ಎದ್ದದ್ದು ದೋಣಿಯ ಕೆಳಗೆ. ಅತಿಥಿ ಈಜಿ ಬದುಕಿದ. ಸೆಲ್ಲೊ ಬದುಕಲಿಲ್ಲ.

ಅಂಬಿಗರ ಯಜಮಾನ ಕೆಬೊನಾಂಗ್ ಗಲೆಫೆಲೆಗೆ ಸೋದರಮಾವ. ಅವನೇ ಅಂದು ಊರಿಗೆಲ್ಲ ಹೇಳಿದ: ಸೆಲ್ಲೊ ಹಿಂದಿನ ದಿನದ ಹೆಂಡದ ಅಮಲಿನಲ್ಲೇ ದೋಣಿ ಹತ್ತಿದ್ದ, ಕಾಲು ಜಾರಿತು. ನಿಜ ಹೊರಬಿದ್ದು ದಡ ಮುಚ್ಚಿಹೋದರೆ ಅಷ್ಟು ಮನೆಗಳ ಒಲೆ ಆರುತ್ತದೆ ಎಂದು ಅವಳ ಕೈ ಹಿಡಿದು ಬೇಡಿಕೊಂಡ. ಸೆಲ್ಲೊನ ದೋಣಿಯ ಸರದಿಯನ್ನು ಅವಳಿಗೆ ಕೊಟ್ಟ. ಅವಳು ಬಾಯಿ ಮುಚ್ಚಿಕೊಂಡಳು. ಅವತ್ತಿನಿಂದ ಅವಳು ಗಳ ಹಿಡಿದಾಗಲೆಲ್ಲ ಸಿಟ್ಟು ಮೊಣಕೈವರೆಗೆ ಬಂದು ನಿಲ್ಲುತ್ತಿತ್ತು.

ಇಂದು ಸರದಿ ಅವಳದು. "ಅಕ್ಕ, ಇವರನ್ನ ನಂಗೆ ಬಿಡು, ನಾಳೆಯ ನನ್ನ ಸರದಿ ನೀನು ತಗೋ," ಎಂದ ತಿರೆಲೊ.

"ಸರದಿ ಅಂದ್ರೆ ಸರದಿ," ಎಂದ ಕೆಬೊನಾಂಗ್, ಟೋಪಿಯನ್ನು ಸರಿಮಾಡಿಕೊಳ್ಳುತ್ತ. ಆಮೇಲೆ ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ದೂರದಿಂದ ಒಂದು ಸಲ ಬಡಿ, ಸಾಕು. ಅವರು ಅದಕ್ಕೇ ಬಂದಿದ್ದಾರಂತೆ."

ಅವಳು ಗಳ ಎತ್ತಿಕೊಂಡಳು.

ಅತಿಥಿಗಳು ನಡುವಯಸ್ಸಿನ ಗಂಡ ಹೆಂಡತಿ. ದೋಣಿ ಜೊಂಡಿನ ನಡುವೆ ಸದ್ದಿಲ್ಲದೆ ಸಾಗಿತು. ನೈದಿಲೆಯ ಎಲೆಗಳ ಮೇಲೆ ಉದ್ದ ಬೆರಳಿನ ಹಕ್ಕಿ ನಡೆಯುವುದನ್ನು ಹೆಂಗಸು ಬೆರಗಿನಿಂದ ನೋಡಿದಳು. ಆಚೆ ದ್ವೀಪದಲ್ಲಿ ಆನೆಯೊಂದು ತಾಳೆಮರವನ್ನು ಅಲುಗಿಸಿ ಹಣ್ಣು ಉದುರಿಸುತ್ತಿತ್ತು. ಮಡು ಹತ್ತಿರವಾಯಿತು. ನೀರಿನ ಮೇಲೆ ಕಿವಿಗಳು, ಮೂಗಿನ ಹೊಳ್ಳೆಗಳು ಕಂಡವು. ಗಂಡಸು ಕ್ಯಾಮೆರಾ ಎತ್ತಿದ.

"ಈಗ ಆಕಳಿಸುತ್ತದಾ?"

ಗಲೆಫೆಲೆ ಗಳವನ್ನು ಕೆಸರಿಗೆ ಊರಿ ದೋಣಿ ನಿಲ್ಲಿಸಿದಳು. ಅತಿಥಿಗಳ ಮಾತು ಅವಳಿಗೆ ಬರುತ್ತಿತ್ತು, ಆದರೆ ಕಷ್ಟದ ಮಾತುಗಳನ್ನು ಅದರಲ್ಲಿ ಆಡಿ ರೂಢಿಯಿರಲಿಲ್ಲ.

"ಇಲ್ಲ," ಎಂದಳು.

"ಅಲ್ಲಮ್ಮ, ಗಳದಿಂದ ಬಡಿದರೆ..."

"ಬಡಿಯಲ್ಲ. ಅದಕ್ಕೆ ನಿದ್ದೆ ಬಂದಿಲ್ಲ. ಅದು ಸಿಟ್ಟಾಗಿದೆ. ನನ್ನ ಗಂಡ ಇಲ್ಲೇ ಬಡಿದ. ಇಲ್ಲೇ ಸತ್ತ."

ಅವಳು ದೋಣಿಯನ್ನು ಹಿಂದಕ್ಕೆ ತಳ್ಳಿ, ಜೊಂಡಿನ ಮರೆಗೆ ತಿರುಗಿಸಿದಳು. ಅವರು ಬೈಯುತ್ತಾರೆ ಎಂದುಕೊಂಡಿದ್ದಳು. ಅದಕ್ಕೆ ತಯಾರಾಗಿಯೂ ಇದ್ದಳು. ಗಂಡಸು ಕ್ಯಾಮೆರಾವನ್ನು ನಿಧಾನವಾಗಿ ಚೀಲಕ್ಕಿಟ್ಟ.

"ಇದು ಆಟ, ಅಪಾಯ ಏನೂ ಇಲ್ಲ ಅಂತಲ್ಲವಾ ಜೀಪಿನವನು ಹೇಳಿದ್ದು? ನಮಗೆ ಯಾರೂ ಹೇಳಲೇ ಇಲ್ಲವಲ್ಲ," ಎಂದ. ಅವನ ದನಿಯಲ್ಲಿ ಸಿಟ್ಟಿತ್ತು, ಆದರೆ ಅದು ಅವಳ ಮೇಲಲ್ಲ. "ನನ್ನ ಹೆಂಡತಿಗೆ ಈಜು ಬರುವುದಿಲ್ಲ!"

ಗಲೆಫೆಲೆಗೆ ತಲೆಗೆ ಹೊಡೆದಂತಾಯಿತು. ಇಷ್ಟು ದಿನ ಅವಳು ಅತಿಥಿಗಳನ್ನು ಬೈದುಕೊಂಡಿದ್ದಳು. ಅವರಿಗೆ ಗೊತ್ತೇ ಇರಲಿಲ್ಲ. ಯಾರು ಹೇಳಬೇಕಿತ್ತು? ತಾನೇ ಹೇಳಬೇಕಿತ್ತು.

ಅವರು ಬೇಗ ಮರಳಿದ್ದನ್ನು ನೋಡಿ ಚಾಲಕ ಕೆಂಡವಾದ. ಗಂಡಸು ಅವನನ್ನು ಎಲ್ಲರೆದುರೇ ಗದರಿದ. ಬಿಸಿಲು ನೆತ್ತಿಗೇರುವ ಮೊದಲೇ ಸುದ್ದಿ ಊರು ಮುಟ್ಟಿತು. ಇನ್ನು ಮೇಲೆ ಪಕ್ಕದ ದಡಕ್ಕೇ ಜೀಪು ಕೊಂಡೊಯ್ಯುತ್ತೇನೆಂದು ಚಾಲಕ ಹೇಳಿ ಹೋದನಂತೆ. ಮಧ್ಯಾಹ್ನ ಕೆಬೊನಾಂಗ್ ಎಲ್ಲರನ್ನೂ ಕೋಟ್ಲಾಕ್ಕೆ ಕರೆದ.

ಕೋಟ್ಲಾ ಎಂದರೆ ದೊಡ್ಡ ಮರದ ಕೆಳಗೆ, ಕಂಬಗಳ ಅರೆವೃತ್ತದೊಳಗೆ ಊರಿನ ವ್ಯಾಜ್ಯ ತೀರುವ ಜಾಗ. ಅಲ್ಲಿ ಒಬ್ಬರು ಮಾತಾಡುವಾಗ ಮುಗಿಯುವವರೆಗೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಗಂಡಸರು ತಗ್ಗಿನ ಕುರ್ಚಿಗಳ ಮೇಲೆ ಕೂತರು. ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು ಚಾಪೆಯ ಮೇಲೆ.

ಮೊದಲು ಎದ್ದವನು ತಿರೆಲೊ. ಬೆಳಗಿನ ತಮಾಷೆ ಅವನಲ್ಲಿ ಉಳಿದಿರಲಿಲ್ಲ.

"ಅಕ್ಕನ ಮೇಲೆ ನಂಗೆ ದ್ವೇಷ ಇಲ್ಲ. ಆದ್ರೆ ಲೆಕ್ಕ ಬೇರೇನೇ ಇದೆ. ನೀರು ಇರೋದೇ ಅರ್ಧ ವರ್ಷ. ಇನ್ನರ್ಧ ನಾವು ಏನು ತಿನ್ನೋಣ, ಮರಳಾ? ಮೊದಲು ಹೊಲ ಮಾಡ್ತಿದ್ವಿ, ಆನೆ ತಿಂತು. ಬೇಟೆ ಆಡ್ತಿದ್ವಿ, ಸರ್ಕಾರದೋರು ಬೇಡ ಅಂದ್ರು. ಉಳಿದಿರೋದು ಈ ಗಳ ಒಂದೇ. ಪಕ್ಕದ ದಡದವರು ಬಡೀತಾರೆ. ನಾವು ಬಡೀದಿದ್ರೆ ಜೀಪು ಅಲ್ಲಿಗೇ ಹೋಗುತ್ತೆ. ಸೆಲ್ಲೊ ಅಣ್ಣ ಹೋದ, ಹೌದು, ದುಃಖ ಎಲ್ಲರಿಗೂ ಇದೆ. ಅದಕ್ಕೆ ಎಲ್ಲರ ಹೊಟ್ಟೆ ಮೇಲೆ ಹೊಡೆಯೋದಾ?"

ಹಲವರು ತಲೆದೂಗಿದರು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಗಲೆಫೆಲೆಗೂ ಅದು ಗೊತ್ತಿತ್ತು.

ಕೆಬೊನಾಂಗ್ ತೀರ್ಪು ಹೇಳಿದ. "ಈ ನೆರೆ ಇಳಿಯೋವರೆಗೆ ಗಲೆಫೆಲೆ ದೋಣಿ ಇಳಿಸೋದು ಬೇಡ. ಅವಳ ಸರದಿ ತಿರೆಲೊಗೆ ಹೋಗಲಿ. ನಾಳೆ ನಾನೇ ಮಾವುನ್‌ಗೆ ಹೋಗಿ ಚಾಲಕನ್ನ ಸಮಾಧಾನ ಮಾಡ್ತೀನಿ. ಏನಾದ್ರೂ ಹೇಳೋದಿದ್ಯಾ ಮಗಳೇ?"

ಅವಳು ಎದ್ದಳು. ಸಿಟ್ಟು ಮೊಣಕೈ ದಾಟಿ ಗಂಟಲಿಗೆ ಬಂದಿತ್ತು.

"ಇದೆ ಮಾವ. ಸೆಲ್ಲೊ ಕುಡಿದಿದ್ದ ಅಂದ್ಯಲ್ಲ, ಕಂಡೋರು ಯಾರು? ಇಲ್ಲಿರೋರಲ್ಲಿ ಒಬ್ಬರು ಕೈ ಎತ್ತಿ."

ಯಾವ ಕೈಯೂ ಮೇಲೇಳಲಿಲ್ಲ.

"ಬೇಡ ಬಿಡಿ. ಮುಂದಿಂದು ಮಾತಾಡೋಣ. ನಾಳೆಯಿಂದ ನನ್ನ ಸರದಿ ತಿರೆಲೊಗೆ. ಅವನು ಬಡೀತಾನೆ. ಯಾವತ್ತೋ ಒಂದು ದಿನ ಅವನೂ ವಾಪಸ್ ಬರಲ್ಲ. ಆವಾಗ ಏನು ಹೇಳ್ತೀರಿ ಅಂತ ಈಗಲೇ ನಿರ್ಧಾರ ಮಾಡಿ. ಅವನೂ ಕುಡಿದಿದ್ದನಾ? ಇಲ್ಲ, ಅವನಿಗೆ ಬೇರೆ ಏನಾದ್ರೂ ಅಂಟಿಸ್ತೀರಾ? ಬೊಂಟ್ಲೆ ಇಲ್ಲೇ ಕೂತಿದ್ದಾಳೆ. ಅವಳನ್ನೇ ಕೇಳಿ. ಯಾವ ಸುಳ್ಳು ಬೇಕೇ ನಿಂಗೆ, ಹೇಳು. ನಂಗೆ ಆರಿಸ್ಕೊಳ್ಳೋಕೆ ಬಿಡಲಿಲ್ಲ. ನೀನಾದ್ರೂ ಆರಿಸ್ಕೋ."

ಬೊಂಟ್ಲೆಯ ಕೈ ಬೆನ್ನ ಮೇಲಿನ ಮಗುವಿನ ಕಡೆಗೆ ಹೋಯಿತು. ಅವಳು ಗಂಡನ ಮುಖ ನೋಡಿದಳು. ತಿರೆಲೊ ನೆಲ ನೋಡಿದ.

"ನನ್ನ ಮಾತು ಮುಗಿದಿಲ್ಲ," ಎಂದಳು ಗಲೆಫೆಲೆ. "ನನ್ನತ್ತೆ ಹೆಂಡ ಕಾಯಿಸ್ತಿದ್ಲು. ಅವಳ ಕೈಯ ಜೋಳದ ಹೆಂಡ ಇಲ್ಲದೆ ಈ ಊರಲ್ಲಿ ಮದುವೆ ಆಗ್ತಿರಲಿಲ್ಲ. ನೀವು ಮಗ ಕುಡಿದು ಸತ್ತ ಅಂದ ದಿನವೇ ಅವಳು ಮಡಿಕೆಗಳನ್ನೆಲ್ಲ ಒಡೆದು ಹಾಕಿದ್ಲು. ತನ್ನ ಹೆಂಡವೇ ಮಗನ್ನ ತಿಂತು ಅಂತ ಇವತ್ತಿಗೂ ನಂಬಿದ್ದಾಳೆ. ಯಾರ ಮುಖಾನೂ ನೋಡಲ್ಲ. ನಾನು ಅದೇ ಮನೇಲಿ, ಅವಳ ಎದುರು ಕೂತು ಗಂಜಿ ಉಣ್ತೀನಿ. ಬಾಯಿ ಬಿಡಲಿಲ್ಲ. ಯಾಕೆ? ನಂಗೊಂದು ಸರದಿ ಕೊಟ್ಟಿದ್ರಲ್ಲ, ಅದಕ್ಕೆ. ಈಗ ಅದನ್ನ ಕಿತ್ಕೊಂಡ್ರಿ. ಒಳ್ಳೇದಾಯ್ತು. ನನ್ನ ಬಾಯಿ ನಂಗೆ ವಾಪಸ್ ಸಿಕ್ತು."

ಅವಳು ಕೂತಳು. ತಿರೆಲೊನ ಬಾಯಿಯಿಂದ ಏನೋ ಹೊರಡುವುದರಲ್ಲಿತ್ತು. ಅದಕ್ಕೆ ಮೊದಲೇ ಬೊಂಟ್ಲೆ ಎದ್ದು ನಿಂತಳು.

"ಯಜಮಾನ್ರೇ, ನನಗೆ ಯಾವ ಸುಳ್ಳೂ ಬೇಡ. ಉಂಡೆ ಎರಡು ಹೊತ್ತು ಜಾಸ್ತಿ ಕರೀತೀನಿ. ಹುಲ್ಲು ಕೊಯ್ದು ಮಾರ್ತೀನಿ. ಇವನು ಬಡಿಯೋದಾದ್ರೆ ನನ್ನ ಮನೆಗೆ ಬರೋದು ಬೇಡ." ಅವಳು ಗಂಡನ ಕಡೆ ತಿರುಗಿದಳು. "ಕೇಳಿಸ್ತಾ? ಹೆಸರು ಬೇಕಾದ್ರೆ ಹೆಸರನ್ನೇ ಕಟ್ಕೊಂಡು ಮಲಗು."

ಯಾರೋ ಹಿಂದಿನ ಸಾಲಿನಲ್ಲಿ ನಗು ತಡೆದುಕೊಂಡ. ತಿರೆಲೊ ನಗಲಿಲ್ಲ. ಕುರ್ಚಿಯಿಂದ ಎದ್ದು, "ಪ್ರತಿ ಸಲ ಬಡಿಯೋವಾಗಲೂ ವಾಪಸ್ ಬರ್ತೀನೋ ಇಲ್ವೋ ಅಂತ ಹೆದರ್ತೀನಿ," ಎಂದ. "ಮೊದಲು ಬಿಡೋನು ಹೇಡಿ ಅನ್ನಿಸ್ಕೋತಾನೆ ಅಂತ ಬಡೀತಿದ್ದೆ."

ಈಗ ಎಲ್ಲರೂ ಕೆಬೊನಾಂಗ್‌ನ ಕಡೆ ನೋಡಿದರು. ಆ ಆಟವನ್ನು ದಡಕ್ಕೆ ತಂದವನು ಅವನೇ, ತೋಳಿನಲ್ಲಿ ಕಸುವಿದ್ದ ಕಾಲದಲ್ಲಿ. ತಿರೆಲೊಗೂ ಸೆಲ್ಲೊಗೂ ಗಳ ಹಿಡಿಯಲು ಕಲಿಸಿದವನೂ ಅವನೇ.

"ನಮ್ಮ ದಡದಲ್ಲಿ ಇನ್ನು ಯಾರೂ ಬಡಿಯೋದು ಬೇಡ," ಎಂದ ಅವನು. "ಜೀಪು ಹೋದ್ರೆ ಹೋಗಲಿ. ಪಕ್ಕದ ದಡದ ಯಜಮಾನನ ಹತ್ರ ನಾನೇ ಮಾತಾಡ್ತೀನಿ. ಗಲೆಫೆಲೆ, ನಿನ್ನ ಸರದಿ ನಿಂದೇ."

"ನನ್ನ ಸರದಿ ಹಾಗಿರಲಿ ಮಾವ. ಸೆಲ್ಲೊ?"

"ಅವನು ಕುಡಿದಿರಲಿಲ್ಲ. ಎಲ್ಲರೂ ಕೇಳಿಸ್ಕೊಂಡ್ರಲ್ಲ."

"ಕೇಳಬೇಕಾದೋಳು ಇಲ್ಲಿಲ್ಲ."

ಕೆಬೊನಾಂಗ್ ಮತ್ತು ಗಲೆಫೆಲೆ ಅವಳ ಮನೆಯ ಕಡೆಗೆ ಮರಳಿನ ದಾರಿಯಲ್ಲಿ ಒಬ್ಬರ ಹಿಂದೊಬ್ಬರು ನಡೆದರು. ಅವಳು ಅವನಿಗಾಗಿ ಹೆಜ್ಜೆ ನಿಧಾನ ಮಾಡಲಿಲ್ಲ. ಸೆಲ್ಲೊನ ತಾಯಿ ಅಂಗಳದ ನೆರಳಿನಲ್ಲಿ ಕಾಡುಸೊಪ್ಪು ಬಿಡಿಸುತ್ತ ಕೂತಿದ್ದಳು. ಬಂದವನನ್ನು ನೋಡಿ ಗದ್ದ ಆಡಿಸಿ ಕುರ್ಚಿ ತೋರಿಸಿದಳು. ಕೆಬೊನಾಂಗ್ ಕುರ್ಚಿಯನ್ನು ಬಿಟ್ಟು, ಟೋಪಿ ತೆಗೆದು, ಬರಿನೆಲದ ಮೇಲೆ ಕೂತ.

ಮುದುಕಿಯ ಕೈ ನಿಂತಿತು. ಆ ಊರಿನಲ್ಲಿ ಹಾಗೆ ಕೂರುವವರು ತರುವುದು ಒಂದೇ ಸುದ್ದಿ.

"ಯಾರು ಹೋದ್ರು?"

"ಯಾರೂ ಹೋಗಿಲ್ಲ, ಸೆಲ್ಲೊನಮ್ಮಾ. ಹೋದವನ ಸುದ್ದೀನೇ. ಅವತ್ತು ತಪ್ಪು ಹೇಳಿದ್ದೆ. ಸರಿಯಾಗಿ ಹೇಳೋಕೆ ಬಂದೆ." ಅವನ ದನಿ ಅವನಿಗೇ ಕೇಳಿಸುವಷ್ಟಿತ್ತು. "ನಿನ್ನ ಮಗ ಕುಡಿದಿರಲಿಲ್ಲ. ಅತಿಥಿಗೆ ಫೋಟೋ ಬೇಕಿತ್ತು. ಬಡಿ ಅಂತ ನಾನೇ ಹೇಳಿ ಕಳಿಸಿದ್ದೆ. ನೀರಾನೆ ದೋಣಿ ಮಗುಚಿತು. ಹೆಂಡದ ಮಾತು ನಾನು ಕಟ್ಟಿದ್ದು."

ಗಲೆಫೆಲೆ ಅತ್ತೆಯ ಪಕ್ಕ ಮಂಡಿಯೂರಿದಳು. "ನಂಗೂ ಗೊತ್ತಿತ್ತು ಅತ್ತೆ," ಎಂದಳು.

ಮುದುಕಿ ಸೊಸೆಯನ್ನು ನೋಡಿದಳು, ಆಮೇಲೆ ಅವನನ್ನು. ಅಳಲಿಲ್ಲ. ಮಡಿಲಿನ ಸೊಪ್ಪನ್ನು ಕೊಡವಿ, ಸೊಸೆಯ ಹೆಗಲಿನ ಮೇಲೆ ಭಾರ ಹಾಕಿ ಎದ್ದಳು.

"ಕುಡುಕನ ತಾಯಿ ಅಂತ ಊರೆಲ್ಲ ಕೇಳೋ ಹಾಗೆ ಅಂದ್ಯಲ್ಲ," ಎಂದಳು. "ಈಗ ಪಿಸುಗುಡ್ತೀಯಾ? ಜೋರಾಗಿ ಹೇಳೋ!"

ಬೇಲಿಯಾಚೆ ಜೋಳ ಕುಟ್ಟುತ್ತಿದ್ದ ಒನಕೆಯ ಸದ್ದು ನಿಂತಿತು. ಕೆಬೊನಾಂಗ್ ನೆಲಕ್ಕೆ ಕೈಯೂರಿ ಎದ್ದು ನಿಂತು, ಬೇಲಿಯ ಕಡೆಗೆ ಮುಖ ಮಾಡಿ, ಮೊದಲಿನಿಂದ ಹೇಳತೊಡಗಿದ.