ಹೊಗೆ ಕುಡಿದವಳು

ಮೂಗಿನ ಹೊಳ್ಳೆ ಒರೆಸಿದ ಬಟ್ಟೆ ಮತ್ತೆ ಕಪ್ಪಾಗಿಯೇ ಬಂತು. ಮಗಳು ಅದನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿ, ಸತ್ತ ತಾಯಿಯ ಮುಖವನ್ನು ಇನ್ನೊಮ್ಮೆ ಒರೆಸಿದಳು.

"ಸಾಕು ಬಿಡೇ. ಅದು ಹೋಗೋ ಮಸಿಯಲ್ಲ," ಎಂದಳು ಹೆಣದ ಕಾಲ ಬಳಿ ಕೂತಿದ್ದ ತಾಯಿಯ ಗೆಳತಿ.

ಗೆಳತಿಗೆ ಗೊತ್ತಿತ್ತು. ಇಬ್ಬರೂ ಆಸ್ಪತ್ರೆಯ ಹಿತ್ತಲಿನ ಲಾಂಡ್ರಿಯಲ್ಲಿ ದುಡಿದವರು. ಒಗೆದ ಚಾದರ ಮಡಚುವುದು ಗೆಳತಿಯ ಕೆಲಸ. ನೀರು ಕಾಯಿಸುವ ಬಾಯ್ಲರಿಗೆ ಸೌದೆ ಒಟ್ಟುವುದು ಸತ್ತವಳ ಕೆಲಸ. ರೋಗಿಗಳ ಚಾದರದಿಂದ ಹಿಡಿದು ಡಾಕ್ಟರುಗಳ ಬಿಳಿ ಕೋಟಿನವರೆಗೆ ಎಲ್ಲ ಬೆಳ್ಳಗಾಗುತ್ತಿದ್ದುದು ಅವಳು ಕಾಯಿಸಿದ ನೀರಿನಲ್ಲೇ. ಎಲ್ಲರ ಬಾಯಲ್ಲೂ ಅವಳು ಬೆಂಕಿಯಕ್ಕ.

ಅಷ್ಟರಲ್ಲಿ ಅವಳ ತಮ್ಮ ಒಳಗೆ ಬಂದ. ನಿನ್ನೆ ಆಸ್ಪತ್ರೆಯವರು ಹೆಣದ ಜೊತೆ ಕೊಟ್ಟ ಕಾಗದ ಅವನ ಕೈಯಲ್ಲಿತ್ತು. ಗೋಡೆಗೊರಗಿ ಕೂತಿದ್ದ ಅಕ್ಕನ ಗಂಡನ ಮುಂದೆ ಅದನ್ನು ಹಿಡಿದ.

"ಭಾವ, ಏನಿದು? ಬಹುಕಾಲದ ಧೂಮಪಾನದಿಂದ ಶ್ವಾಸಕೋಶ ಹಾಳಾಗಿ ಸಾವು ಅಂತ ಬರೆದಿದ್ದಾರೆ. ಅಕ್ಕ ಸಿಗರೇಟು ಸೇದ್ತಿದ್ದಳಾ?"

ಭಾವ ತಲೆ ಎತ್ತಲಿಲ್ಲ. ನಿನ್ನೆಯಿಂದ ಅವನ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಪಕ್ಕದ ಮನೆಯಾಕೆ ಮಾತ್ರ ಪಿಸುಗುಟ್ಟಿದಳು, "ಬೆಂಕಿ ಇಲ್ಲದೆ ಹೊಗೆ ಆಡುತ್ತಾ?"

ಪಿಸುಮಾತಾದರೂ ಮನೆಯವರಿಗೆಲ್ಲ ಕೇಳಿಸುವಷ್ಟು ದೊಡ್ಡದಾಗಿಯೇ ಇತ್ತು.

"ಬೆಂಕಿ ಇತ್ತು ಆಂಟಿ," ಎಂದಳು ಮಗಳು. "ಆಸ್ಪತ್ರೆಯವರದೇ ಬೆಂಕಿ." ಎದ್ದು ಬಂದು ಆ ಒದ್ದೆ ಬಟ್ಟೆಯನ್ನು ಸೋದರಮಾವನ ಅಂಗೈಯಲ್ಲಿ ಇಟ್ಟಳು. "ಇದನ್ನ ನೋಡು ಮಾವ. ಸಿಗರೇಟಿನ ಮಸಿ ಹೀಗಿರುತ್ತಾ?"

*

ಎಲ್ಲ ಶುರುವಾದದ್ದು ಬೆಂಕಿಯಕ್ಕ ಕೆಮ್ಮಿಗೆಂದು ಅದೇ ಆಸ್ಪತ್ರೆಗೆ ತೋರಿಸಲು ಹೋದಾಗ, ಹೆಸರು ಬರೆಸುವ ಕೌಂಟರಿನಲ್ಲಿ. ಕಂಪ್ಯೂಟರಿನ ಹಿಂದೆ ಕೂತಿದ್ದ ಹುಡುಗಿ ಒಳ್ಳೆಯವಳೇ. 'ಧೂಮಪಾನ' ಅಂದರೆ ಈಯಮ್ಮನಿಗೆ ತಿಳಿಯಲಿಕ್ಕಿಲ್ಲ ಎಂದು ಬಿಡಿಸಿ ಕೇಳಿದಳು.

"ಅಮ್ಮಾ, ಹೊಗೆ ಕುಡೀತೀರಾ?"

"ಕುಡೀದೆ ಏನು ಮಗಳೇ! ಬೆಳಗಿಂದ ಸಂಜೆತನಕ ಅದೇ ತಾನೇ ನನ್ನ ಹಣೇಬರಹ."

ಹುಡುಗಿ 'ಹೌದು' ಒತ್ತಿದಳು. "ದಿನಕ್ಕೆ ಎಷ್ಟು?"

"ಅಯ್ಯೋ, ಅದಕ್ಕೆ ಲೆಕ್ಕ ಉಂಟಾ?" ಎಂದು ಬೆಂಕಿಯಕ್ಕ ಕೆಮ್ಮುತ್ತಲೇ ನಕ್ಕಳು.

ಹುಡುಗಿ ನಗಲಿಲ್ಲ. ಇದ್ದುದರಲ್ಲಿ ದೊಡ್ಡ ಅಂಕಿ ಆರಿಸಿ ಮುಂದಕ್ಕೆ ಹೋದಳು. 'ಕೆಲಸ' ಎಂದು ತುಂಬುವ ಜಾಗದಲ್ಲಿ ಇದ್ದದ್ದು ಎರಡೇ ಮಾತು: ಇದೆ, ಇಲ್ಲ. ಎಂಥ ಕೆಲಸ, ಯಾವ ಒಲೆಯ ಮುಂದೆ, ಮನೆಗೆ ಕಿಟಕಿ ಇದೆಯೇ ಎಂದು ಕೇಳುವ ಜಾಗ ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ರಕ್ತದ ಗುಂಪಿಗೆ ಜಾಗ ಇತ್ತು, ಚಪ್ಪಾಳೆ ತಟ್ಟಬೇಕು!

ಅಲ್ಲಿಂದಾಚೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಕತೆ. ಯಾವ ಡಾಕ್ಟರ ಹತ್ತಿರ ಹೋದರೂ ಅವರು ಮೊದಲು ಪರದೆ ನೋಡುತ್ತಿದ್ದರು, ಆಮೇಲೆ ಬೈಯುತ್ತಿದ್ದರು. ವಾರಕ್ಕೊಮ್ಮೆ ಆಸ್ಪತ್ರೆಯಿಂದ ಫೋನು ಬೇರೆ. ಧೂಮಪಾನ ಬಿಟ್ಟಿದ್ದರೆ ಒಂದು ಒತ್ತಿ, ಬಿಟ್ಟಿಲ್ಲದಿದ್ದರೆ ಎರಡು ಒತ್ತಿ. ಬೆಂಕಿಯಕ್ಕ ಎರಡನ್ನೂ ಒತ್ತುತ್ತಿರಲಿಲ್ಲ. "ಸೇದಿದವರು ಯಾರೇ ತಾಯಿ?" ಎಂದು ಆ ಯಂತ್ರದ ದನಿಯ ಜೊತೆಗೇ ಜಗಳಕ್ಕೆ ನಿಲ್ಲುತ್ತಿದ್ದಳು.

*

ಉಸಿರು ತೀರಾ ಸಾಲದಾದಾಗ ಮಗಳೇ ಅವಳನ್ನು ದೊಡ್ಡ ಡಾಕ್ಟರ ಬಳಿ ಕರೆದೊಯ್ದಿದ್ದಳು. ಮಲಗುವಾಗ ಹಾಕಿಕೊಳ್ಳುವ ಆಕ್ಸಿಜನ್ ಮಷೀನನ್ನು ಆಸ್ಪತ್ರೆಯವರು ಇಂಥ ರೋಗಿಗಳ ಮನೆಗೆ ಕೊಡುತ್ತಿದ್ದರು; ಮಗಳು ಅದನ್ನು ಕೇಳಿದಳು.

"ಸಿಗರೇಟು ಸೇದೋರಿಗೆ ಅದನ್ನ ಕೊಡೋಕಾಗಲ್ಲ," ಎಂದರು ಡಾಕ್ಟರು. "ಮನೆಗೆ ಬೆಂಕಿ ಹತ್ತುತ್ತೆ."

"ಸಾರ್, ಅಮ್ಮ ಸೇದಲ್ಲ. ಅವಳು ನಿಮ್ಮ ಲಾಂಡ್ರಿಯಲ್ಲೇ ಒಲೆ ಉರಿಸೋದು. ಒಲೆ ಬಿಡಿಸಿ ಬೇರೆ ಕೆಲಸಕ್ಕೆ ಹಾಕಿ ಅಂತ ಒಂದು ಚೀಟಿ ಬರೆದುಕೊಡಿ. ಮಡಚೋ ಕೋಣೆಗೆ ಹಾಕ್ತಾರೆ."

"ಕಂಪ್ಯೂಟರಿನಲ್ಲಿ ಹಾಗೆ ಕಾಣಿಸ್ತಿಲ್ಲವಲ್ಲ," ಎನ್ನುತ್ತ ಡಾಕ್ಟರು ಎದ್ದು ಕಿಟಕಿ ಮುಚ್ಚಿದರು. "ಥೂ, ಈ ಹಿತ್ತಲಿನ ಹೊಗೆ!"

ಮತ್ತೆ ಕೂತು ಮೆತ್ತಗೆ ಹೇಳಿದರು. "ಬರೆದದ್ದನ್ನ ಅಳಿಸೋಕೆ ನನಗೆ ಬರಲ್ಲ. ಬಿಟ್ಟಿದ್ದೀನಿ ಅಂತ ನೀವೇ ಹೇಳಿ. ಹಾಗಂತ ಹಾಕ್ತೀನಿ. ಆರು ತಿಂಗಳಾದ ಮೇಲೆ ಮಷೀನು ಸಿಗುತ್ತೆ."

"ಹೇಳಮ್ಮಾ, ಒಂದು ಮಾತು ತಾನೇ," ಎಂದು ಮಗಳು ಕೈ ಹಿಡಿದುಕೊಂಡಳು.

ಬೆಂಕಿಯಕ್ಕ ಮೂರು ಸಲ ಉಸಿರೆಳೆದುಕೊಂಡು ಆ ಮಾತು ಮುಗಿಸಿದಳು. "ಹಿಡೀದೇ ಇದ್ದದ್ದನ್ನ... ಬಿಟ್ಟೆ ಅಂತ... ಹ್ಯಾಗೆ ಹೇಳಲಿ?"

ಮರುದಿನ ಮತ್ತೆ ಒಲೆಯ ಮುಂದೆ ಇದ್ದಳು. ಮೊನ್ನೆಯವರೆಗೂ ಇದ್ದಳು.

*

ಹೂಳುವ ಜಾಗ ಊರಂಚಿನ ದಿಬ್ಬದ ಮೇಲೆ. ಅಲ್ಲಿಂದ ಆಸ್ಪತ್ರೆ ಚೆನ್ನಾಗಿ ಕಾಣುತ್ತದೆ. ಹೊತ್ತು ತಂದವರು ಬೆವರು ಒರೆಸಿಕೊಂಡು ದೂರ ನಿಂತರು. ತಮ್ಮ ಹಿಡಿ ಮಣ್ಣು ಹಾಕಿ, "ತಪ್ಪಾಯ್ತು ಅಕ್ಕಾ," ಎಂದು ಬಿಕ್ಕಿದ. ಆ ಕಾಗದ ಅವನ ಜೇಬಿನಲ್ಲಿ ಮುದ್ದೆಯಾಗಿತ್ತು.

"ನಾಳೆ ಹೋಗಿ ಅವರ ಮುಖಕ್ಕೆ ಎಸೆದು ಬರ್ತೀನಿ," ಎಂದ.

"ಯಾರ ಮುಖಕ್ಕೆ ಮಾವ?" ಎಂದಳು ಮಗಳು. "ಅಲ್ಲಿ ಮುಖ ಎಲ್ಲಿದೆ? ಕೇಳಿದರೆ ಕಂಪ್ಯೂಟರಿನ ಕಡೆ ಕೈ ತೋರಿಸ್ತಾರೆ."

ಅವಳ ಸೊಂಟದಲ್ಲಿ ತಾಯಿಯ ಫೋನು ಹೊಡೆದುಕೊಂಡಿತು. ಕಟ್ ಮಾಡಲು ಹೋಗಿ ಬೆರಳು ತಪ್ಪಿತೋ ಏನೋ, ದನಿ ದೊಡ್ಡದಾಗಿ ಕೇಳತೊಡಗಿತು.

"ನಮಸ್ಕಾರ. ನಿಮ್ಮ ಆರೋಗ್ಯವೇ ನಮ್ಮ ಕಾಳಜಿ. ನೀವು ಧೂಮಪಾನ ಬಿಟ್ಟಿದ್ದರೆ ಒಂದು ಒತ್ತಿ. ಬಿಟ್ಟಿಲ್ಲದಿದ್ದರೆ ಎರಡು ಒತ್ತಿ."

ಸಲಿಕೆ ಹಿಡಿದವನೂ ಕೈ ನಿಲ್ಲಿಸಿದ. ಮಗಳ ಮುಖ ಕೆಂಪೇರಿತು. ಹೆಬ್ಬೆರಳು ಒಂದರ ಮೇಲೆ ಹೋಯಿತು.

"ಒತ್ತಿಬಿಡ್ತೀನಪ್ಪಾ. ಇನ್ನಾದರೂ ಅವಳನ್ನ ಸುಮ್ಮನೆ ಬಿಡಲಿ."

ಅಪ್ಪ ಅವಳ ಕೈಯಿಂದ ಫೋನು ತೆಗೆದುಕೊಂಡ.

"ಒತ್ತಬೇಡ," ಎಂದ. ಎರಡು ದಿನದಲ್ಲಿ ಅವನು ಆಡಿದ ಮೊದಲ ಮಾತು ಅದು. "ಒತ್ತಿದರೆ ಸೇದಿದ್ದಳು ಅಂತ ಆಗುತ್ತೆ."

ಕುಕ್ಕರಗಾಲಲ್ಲಿ ಕೂತು, ಹಸಿ ಮಣ್ಣಿನ ಮೇಲೆ ಫೋನನ್ನು ಮೇಲ್ಮುಖವಾಗಿ ಇಟ್ಟ. ಕೆಳಗೆ ಲಾಂಡ್ರಿಯ ಚಿಮಣಿ ಅಂದೂ ಎಂದಿನಂತೆ ಹೊಗೆಯಾಡುತ್ತಿತ್ತು. ಬೇರೆ ಯಾರೋ ಒಲೆಯ ಮುಂದೆ ಕೂತಿರಬೇಕು. ಗಾಳಿ ತಿರುಗಿ ಆ ಹೊಗೆ ದಿಬ್ಬದವರೆಗೂ ಬಂತು. ಎಲ್ಲರೂ ಕೆಮ್ಮಿದರು.

"ನಿಮ್ಮ ಉತ್ತರ ಬಂದಿಲ್ಲ," ಎಂದಿತು ಮಣ್ಣಿನ ಮೇಲಿನ ಫೋನು. "ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ."