ಮಾರ್ತಾಂಡರಾಯರ ಖರ್ಜ

ಮಾರ್ತಾಂಡರಾವ್ ಸವಣೂರರು ಎದುರಿಗೆ ಸಿಕ್ಕರೆ ‘ಆರಾಮ ಇದ್ದೀರೇನ್ರಿ?’ ಎಂದು ಕೇಳುವವರಲ್ಲ. ಮೊದಲು ಬಲಗೈ ಎತ್ತಿ ನಮ್ಮ ಬಾಯಿ ಮುಚ್ಚಿಸುವರು, ತಲೆಯನ್ನು ತುಸು ವಾಲಿಸುವರು, ಆಮೇಲೆ ಆ ಗಳಿಗೆಯಲ್ಲಿ ಕೇಳಿಬಂದ ಯಾವುದೋ ಶಬ್ದದ ಜಾತಕ ಹೇಳುವರು. ಕಾತ್ರಜ ಘಾಟಿನಿಂದ ಇಳಿದುಬರುವ ಬಸ್ಸುಗಳು ಕಣ್ಣಿಗೆ ಬೀಳುವ ಮುಂಚೆಯೇ, ಹಾರ್ನು ಕೇಳಿ, ಇದು ಸಾತಾರೆಯದು, ಇದು ಹುಬ್ಬಳ್ಳಿಯದು ಎಂದು ತೀರ್ಪು ಕೊಡುವರು. ‘ನಮ್ಮ ಗಾಡಿ ಪಂಚಮದಾಗ ಒದರತದರಿ. ಸಾತಾರೆದು ಯಾವ ಸ್ವರದಾಗೂ ಇಲ್ಲ, ಬರೇ ಗದ್ದಲ.’ ಒಮ್ಮೆ ನಮ್ಮ ಮನೆಗೆ ಬಂದವರು, ಅಡಿಗೆಮನೆಯಲ್ಲಿ ಕುಕ್ಕರು ಸೀಟಿ ಹಾಕಿದ್ದೇ ತಡ, ನನ್ನ ಹೆಂಡತಿಗೆ ‘ವೈನಿ, ನಿಮ್ಮ ಕುಕ್ಕರ ಹ್ವಾದ ವರ್ಷಕ್ಕಿಂತ ಅರ್ಧ ಸ್ವರ ಇಳದದ, ರಬ್ಬರ ಬದಲಸ್ರಿ’ ಅಂದರು. ತೆಗೆದು ನೋಡಿದರೆ ರಬ್ಬರು ನಿಜಕ್ಕೂ ಹರಿದಿತ್ತು! ಆದರೂ ಇಂಥ ಮನುಷ್ಯನ ಜೊತೆ ಬಾಳುವೆ ಮಾಡುವ ಇಂದೂಬಾಯಿಯವರನ್ನು ನೆನೆದು ನಾವಿಬ್ಬರೂ ಮರುಗಿದೆವು.

ಪುಣೆಯ ದಕ್ಷಿಣದ ಅಂಚಿಗೆ, ಕಾತ್ರಜದ ದಾರಿಯಲ್ಲಿ, ಪಾದ್ರಿಗಳಾಗಲಿರುವವರು ಓದುವ ಒಂದು ಧರ್ಮವಿದ್ಯಾಪೀಠ. ಅಲ್ಲಿ ಅವರಿಗೆ ಸಂಸ್ಕೃತ ಕಲಿಸುವುದು ಬೆಳಗಾವಿಯಿಂದ ಹೋದ ನನ್ನ ಉದ್ಯೋಗ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವುದು ಮಾರ್ತಾಂಡರಾಯರದು. ಏಪ್ರಿಲ್ಲಿನ ಬಿಸಿಲಿನಲ್ಲೂ ಬಿಚ್ಚದ ಕಂದುಬಣ್ಣದ ಮುಚ್ಚುಗೊರಳಿನ ಕೋಟು, ಅದಕ್ಕೆ ಶಾಶ್ವತವಾಗಿ ಅಂಟಿಕೊಂಡ, ರಟ್ಟಿಗೆ ಹಚ್ಚುವ ಮೈದಾ ಸರಿಯ ವಾಸನೆ, ಒಂದು ಜೇಬಿನಲ್ಲಿ ದಾರದ ಉಂಡೆ, ಇನ್ನೊಂದರಲ್ಲಿ ಕೈಯಗಲದ ನೋಟುಬುಕ್ಕು. ಅವರ ಹತ್ತಿರ ಒಳ್ಳೆಯ ಸೈಕಲ್ಲಿತ್ತು, ಆದರೆ ಅವರು ಅದನ್ನು ಹತ್ತಿದ್ದನ್ನು ಕಂಡವರಿಲ್ಲ. ಬಿಬವೇವಾಡಿಯ ಮನೆಯಿಂದ ವಿದ್ಯಾಪೀಠದವರೆಗೆ, ಗುಂಯ್ ಎಂದು ಒಂದೇ ಸ್ವರವನ್ನು ಮೂಗಿನೊಳಗೆ ಹಿಡಿದು, ಆ ಸೈಕಲ್ಲನ್ನು ಕರು ಹೊಡೆದುಕೊಂಡು ಹೋದ ಹಾಗೆ ತಳ್ಳಿಕೊಂಡು ಹೋಗುತ್ತಿದ್ದರು. ಯಾಕ್ರೀ ಹೀಗೆ ಎಂದರೆ, ಹತ್ತಿ ತುಳಿದರೆ ದಮ್ಮು ಬರುತ್ತದೆ, ಸ್ವರ ಅಲ್ಲಾಡುತ್ತದೆ ಎಂದು ಉತ್ತರ. ಏನು ಹೇಳುತ್ತೀರಿ ಇಂಥವರಿಗೆ?

ವಿದ್ಯಾಪೀಠದ ಗಾಯಕವೃಂದವನ್ನು ನಡೆಸುತ್ತಿದ್ದ ಫಾದರ್ ಮಿನೇಜಿಸ್ ಗೋವೆಯ ಕಡೆಯವರು, ಸಂಗೀತದಲ್ಲಿ ಕಟ್ಟುನಿಟ್ಟು, ಉಳಿದದ್ದರಲ್ಲಿ ಹಸುವಿನಂಥವರು. ೧೯೭೪ರಲ್ಲಿ ಅವರಿಗೆ ಕೆಳಗಿನ ದನಿಯವರ ಬರಗಾಲ ಬಂತು. ಹೊಟ್ಟೆಯ ತಳದಿಂದ ಏಳುವ ಆ ಮಂದ್ರದ ದನಿಗೆ ನಮ್ಮ ಕಡೆ ಖರ್ಜ ಎನ್ನುತ್ತಾರೆ. ನೆಲಮಾಳಿಗೆಯಿಂದ ಮೇಲೇರಿ ಬರುತ್ತಿದ್ದ ಗುಂಯ್‌ಕಾರವನ್ನು ಹಿಂಬಾಲಿಸಿ ಹೋದ ಫಾದರ್, ಸರಿಯ ಡಬ್ಬಿಯ ಮುಂದಿನಿಂದ ಮಾರ್ತಾಂಡರಾಯರನ್ನು ಎಬ್ಬಿಸಿಕೊಂಡು ಬಂದರು. ಲೆಕ್ಕ ತುಂಬಲೆಂದು ನನ್ನನ್ನೂ ಎಳೆದರು. ಮಂಗಳವಾರ, ಶುಕ್ರವಾರ ಸಂಜೆ ತಾಲೀಮು. ವಿದೇಶಿ ಸ್ವರಲಿಪಿ ನಮ್ಮ ಮಾರ್ತಾಂಡರಾಯರಿಗೆ ತಿಳಿಯದು. ಅವರು ತಮ್ಮ ಪಾಲಿನ ಸ್ವರಗಳನ್ನು ಸರಿಗಮದಲ್ಲಿ, ಲ್ಯಾಟಿನ್ ಪದಗಳನ್ನು ದುಂಡು ಕನ್ನಡದಲ್ಲಿ ನೋಟುಬುಕ್ಕಿಗೆ ಇಳಿಸಿಕೊಂಡು, ಏಕಾದಶಿಯ ದಿನ ಅಲ್ಲಿಯ ಚಹಾವನ್ನೂ ಮುಟ್ಟದೆ, ಏಸುವಿನ ಸ್ತೋತ್ರವನ್ನು ಎದೆತುಂಬಿ ಹಾಡಿ, ಮನೆಗೆ ಹೋಗಿ ಸಂಧ್ಯಾವಂದನೆ ಮಾಡುತ್ತಿದ್ದರು. ‘ನಿಮ್ಮ ಮಠದ ಮಂದಿ ಏನೂ ಅನ್ನೂದಿಲ್ಲೇನ್ರಿ?’ ಎಂದು ಕೆಣಕಿದೆ. ‘ಅಂತಾರ್ರಿ. ಆದರ ಭಾಳ ಬೇಸೂರ ಮಾತಾಡತಾರ, ನಾ ಕೇಳಸಿಗೊಳ್ಳೂದಿಲ್ಲ’ ಅಂದರು.

ಇನ್ನೊಂದು ಮಾತನ್ನು ಅವರು ಒಮ್ಮೆ ಮಾತ್ರ ಆಡಿದರು. ಹತ್ತೊಂಬತ್ತನೆಯ ವಯಸ್ಸಿಗೆ ತಂದೆ ತೀರಿಕೊಂಡು, ಗುರುಗಳ ಮುಂದಿನ ತಂಬೂರಿ ಬಿಟ್ಟೆದ್ದು, ಕೆಲಸ ಹುಡುಕಿಕೊಂಡು ಪುಣೆಗೆ ಬಂದವರು ಅವರು. ಆಮೇಲೆ ಇಪ್ಪತ್ತೈದು ವರ್ಷ ಯಾರ ಜೊತೆಗೂ ಕೂತು ಹಾಡಿರಲಿಲ್ಲ. ‘ಒಬ್ಬನ ಹಾಡಿ ಹಾಡಿ ಸಾಕಾಗಿತ್ತರಿ. ಇಲ್ಲೆ ನನ್ನ ದನಿಗೆ ನೆರೆಹೊರೆ ಅದ’ ಎಂದರು. ನನಗೆ ಆಗ ಅದು ಸುಮ್ಮನೆ ಚಂದದ ಮಾತು ಅನ್ನಿಸಿತ್ತು.

೧೯೭೯ರಲ್ಲಿ ವಿದ್ಯಾಪೀಠದ ರಜತೋತ್ಸವ. ರೋಮಿನಿಂದ ಅತಿಥಿಗಳು ಬರುವವರು. ಹಾಡಬೇಕಾದ ಸ್ತೋತ್ರಕ್ಕೆ ನಾಲ್ಕು ಚರಣ. ಮೊದಲ ಮೂರು ವಾದ್ಯವಿಲ್ಲದೆ, ಬರಿಗಂಟಲಲ್ಲಿ. ನಾಲ್ಕನೆಯದಕ್ಕೆ ದೊಡ್ಡ ಆರ್ಗನ್ ಬಂದು ಕೂಡಿಕೊಳ್ಳಬೇಕು. ಆ ಆರ್ಗನ್ನಿನ ತಿದಿಯನ್ನು ಇಲಿ ಕಡಿದು, ಮುಂಬಯಿಯ ರಿಪೇರಿಯವನು ಅದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರಿಂದ, ತಾಲೀಮೆಲ್ಲ ಅದಿಲ್ಲದೆಯೇ ನಡೆಯಿತು. ಫಾದರ್ ಬಳಿ ಒಂದು ಉಕ್ಕಿನ ಟ್ಯೂನಿಂಗ್ ಫೋರ್ಕ್ ಇತ್ತು. ಮೊದಲಿಗೆ ಅದನ್ನು ಮೇಜಿಗೆ ಬಡಿದು ಸ್ವರ ಕೊಟ್ಟು, ಜೇಬಿಗೆ ಹಾಕಿಕೊಂಡರೆ ಮುಗಿಯಿತು. ನಡುವೆ ಮತ್ತೆ ಬಡಿದು ಕೇಳುವುದು ಅವರ ಗುರುಪರಂಪರೆಯಲ್ಲಿ ಹೇಡಿಗಳ ಕೆಲಸ.

ತೊಂದರೆ ಶುರುವಾದದ್ದು ಮೂರನೆಯ ಚರಣದಲ್ಲಿ. ಅದನ್ನು ಎತ್ತಿಕೊಳ್ಳಬೇಕಾದವರು ಖರ್ಜದ ಸಾಲಿನ ನಾವು ಆರು ಜನ. ಐವರು ಒಂದು ಕಡೆ, ಮಾರ್ತಾಂಡರಾಯರು ಅರ್ಧ ಸ್ವರ ಮೇಲೆ! ಕಿವಿಗೆ ಮರಳು ಹೊಯ್ದಂತಾಗುತ್ತಿತ್ತು. ಒಂದು ದಿನವಲ್ಲ, ಮೂರು ವಾರ ಹೀಗೆಯೇ ಆಯಿತು. ಕೊನೆಗೆ ಅವರೇ ಮೆಲ್ಲಗೆ, ಎಲ್ಲರೂ ಹಾಡುತ್ತ ಹಾಡುತ್ತ ಕೆಳಗೆ ಜಾರುತ್ತಿದ್ದೇವೆ, ಆ ಉಕ್ಕಿನ ಕಡ್ಡಿಯನ್ನು ಇನ್ನೊಮ್ಮೆ ಬಡಿದು ನೋಡಬಾರದೇ ಎಂದರು. ಫಾದರ್ ಮುಖ ಕೆಂಪಾಯಿತು. ‘ಸಗಳೇ ಚುಕಲೇ, ತುಮ್ಹೀ ಏಕಟೇ ಬರೋಬರ?’ ಇಪ್ಪತ್ತೇಳು ಜನ ತಪ್ಪು, ನೀವೊಬ್ಬರೇ ಸರಿಯೋ ಎಂದು ಮರಾಠಿಯಲ್ಲಿ ಹರಿಹಾಯ್ದು, ತಮ್ಮ ತೀರ್ಪನ್ನೂ ಅದೇ ಉಸಿರಿನಲ್ಲಿ ಕೊಟ್ಟರು: ‘ನುಸ್ತೇ ಓಠ ಹಲವಾ, ಆವಾಜ ನಕೋ.’ ಬರೀ ತುಟಿ ಆಡಿಸಬೇಕು, ದನಿ ಬೇಡ. ಉತ್ಸವ ಮುಗಿದ ಮೇಲೆ ತಾಲೀಮಿಗೆ ಬರುವ ತೊಂದರೆಯನ್ನೂ ತೆಗೆದುಕೊಳ್ಳಬೇಕಾಗಿಲ್ಲ.

ಆ ಸಂಜೆ ಅವರ ಸೈಕಲ್ಲಿನ ಪಕ್ಕದಲ್ಲೇ ನಾನೂ ನಡೆದೆ. ಮೂಗಿನ ಗುಂಯ್‌ಕಾರ ನಿಂತಿತ್ತು. ಹಿಂದಿನಿಂದ ಒಂದು ಬಸ್ಸು ಹಾರ್ನು ಹೊಡೆದುಕೊಂಡು ಹೋಯಿತು; ಎಲ್ಲಿಯದೆಂದು ಅವರು ಹೇಳಲಿಲ್ಲ. ಸ್ವಾರಗೇಟ್ ನಿಲ್ದಾಣಕ್ಕೆ ಬರುವ ಬಸ್ಸು ಅವರ ಬಾಯಲ್ಲಿ ಹೆಸರಿಲ್ಲದೆ ಹೋದದ್ದು ಅದೇ ಮೊದಲು. ಸ್ವಲ್ಪ ದೂರ ಹೋಗಿ ನಿಂತರು. ‘ಖರೇ ಹೇಳ್ರಿ ಮಾಸ್ತರ, ನನ್ನ ಕಿವಿ ಕೆಟ್ಟಾವೇನ್ರಿ?’

ಆ ಪ್ರಶ್ನೆಯಲ್ಲಿ ಅವರ ಸರ್ವಸ್ವವೂ ಇತ್ತು. ಮನೆಯಿಂದ ಪುಣೆಗೆ ತಂದ ಏಕೈಕ ಆಸ್ತಿ ಆ ಕಿವಿ. ಅದು ಕೆಟ್ಟಿತೆಂದರೆ ಹಿಂದಿನದೆಲ್ಲ ಸುಳ್ಳು, ಮುಂದೆ ಮತ್ತೆ ಒಬ್ಬಂಟಿ ಹಾಡು. ನಾನಾದರೂ ಏನೆಂದೆ? ‘ವಯಸ್ಸಾತಲ್ರಿ, ಇರಬಹುದು’ ಎಂದೆ. ಸಂಸ್ಕೃತ ಪಂಡಿತನಂತೆ ನಾನು! ಇಪ್ಪತ್ತೇಳರ ಗುಂಪಿನಲ್ಲಿದ್ದೇನೆಂಬ ಧೈರ್ಯ ನನ್ನಿಂದ ಅದನ್ನು ಆಡಿಸಿತು. ಇವತ್ತಿಗೂ ನೆನಪಾದರೆ ನಾಚಿಕೆಯಾಗುತ್ತದೆ.

ಉತ್ಸವದ ದಿನ ಬೆಳಿಗ್ಗೆ ಆರ್ಗನ್ ರಿಪೇರಿಯಾಯಿತು. ಅದರ ಜೊತೆ ಒಮ್ಮೆ ಹಾಡಿನೋಡಲೂ ಹೊತ್ತಿರಲಿಲ್ಲ. ಪ್ರಾರ್ಥನಾಮಂದಿರ ಕಿಕ್ಕಿರಿದಿತ್ತು. ಮೊದಲ ಚರಣದಲ್ಲಿ ಮಾರ್ತಾಂಡರಾಯರು ಆಜ್ಞಾಧಾರಕರಾಗಿ ತುಟಿ ಮಾತ್ರ ಆಡಿಸಿದರು. ಎರಡನೆಯದು ಅರ್ಧ ಮುಗಿಯುವಾಗ ಅವರು ಒಂದೇ ಕಡೆ ಕಣ್ಣು ನೆಟ್ಟು, ನನ್ನ ತೋಳನ್ನು ಗಟ್ಟಿಯಾಗಿ ಹಿಡಿದರು. ಅವರು ನೋಡುತ್ತಿದ್ದ ದಿಕ್ಕಿಗೆ ನಾನೂ ನೋಡಿದೆ: ಆರ್ಗನ್ನಿನ ಮುಂದೆ ಕೂತ ಸಿಸ್ಟರ್ ಹಾಳೆ ತಿರುವಿ, ಬೆರಳು ಸಿದ್ಧಮಾಡಿಕೊಳ್ಳುತ್ತಿದ್ದರು. ಆಗ ಹೊಳೆಯಿತು ನನಗೆ. ಮನುಷ್ಯರ ಗಂಟಲು ದಣಿದು ಇಳಿಯಬಹುದು, ಆರ್ಗನ್ ಇಳಿಯುವುದಿಲ್ಲ. ಮಾರ್ತಾಂಡರಾಯರು ಹೇಳಿದ್ದು ನಿಜವಾಗಿದ್ದರೆ, ಇನ್ನೊಂದು ಚರಣ ಕಳೆದ ಕೂಡಲೇ ರೋಮಿನ ಅತಿಥಿಗಳ ಮುಂದೆ ನಮ್ಮೆಲ್ಲರ ಮಾನ ಹೋಗುವುದು. ಎರಡನೆಯ ಚರಣ ಮುಗಿಯಿತು. ಒಂದು ಉಸಿರಿನ ಬಿಡುವು.

ಆ ಬಿಡುವಿನಲ್ಲಿ ಮಾರ್ತಾಂಡರಾಯರು ಬಾಯಿ ತೆರೆದರು. ಯಾರಿಗೂ ಕಾಯದೆ, ಅರ್ಧ ಸ್ವರ ಮೇಲಿನ ತಮ್ಮ ಜಾಗದಲ್ಲಿ, ಕಂಬ ನೆಟ್ಟ ಹಾಗೆ ಖರ್ಜ ನಿಲ್ಲಿಸಿದರು. ಫಾದರ್ ಕಣ್ಣು ಕೆಂಡವಾಯಿತು. ದೇವರೇ ಗತಿ ಎಂದು ನಾನೂ ಅವರ ದನಿಗೆ ದನಿ ಸೇರಿಸಿದೆ. ನಮ್ಮ ಸಾಲಿನ ಉಳಿದ ನಾಲ್ವರು ಒಂದು ಕ್ಷಣ ತಡವರಿಸಿ, ಇಬ್ಬರಿರುವ ಕಡೆಗೇ ಬಂದರು. ತಳವೇ ಮೇಲೆದ್ದ ಮೇಲೆ ಮೇಲಿನ ದನಿಗಳು ಎಲ್ಲಿಗೆ ಹೋದಾವು? ಅವೂ ಎದ್ದವು. ಮೂರನೆಯ ಚರಣ ಹಾಗೆಯೇ ಸಾಗಿ, ಮುಗಿದು, ಆರ್ಗನ್ ಎದ್ದಿತು. ಅದು ನಮ್ಮೊಳಕ್ಕೆ ಎಷ್ಟು ಸರಾಗವಾಗಿ ಬಂದು ಕೂತಿತೆಂದರೆ, ಎಲ್ಲಿ ದನಿ ಮುಗಿದು ಎಲ್ಲಿ ವಾದ್ಯ ಶುರುವಾಯಿತೆಂದು ತಿಳಿಯಲಿಲ್ಲ. ಅಬ್ಬಾ! ಫಾದರ್ ಭುಜಗಳು ಸಡಿಲಾದದ್ದನ್ನು ನಾನು ಕಂಡೆ. ನನ್ನ ಕಣ್ಣಲ್ಲಿ ನೀರು. ಹಗುರಾದೆ, ಅಷ್ಟು ಹಗುರ ನಾನು ಜನ್ಮದಲ್ಲಿ ಆದದ್ದಿಲ್ಲ. ಪಕ್ಕಕ್ಕೆ ತಿರುಗಿ ನೋಡಿದರೆ ಮಾರ್ತಾಂಡರಾಯರು ಗೆದ್ದವರ ಹಾಗಿರಲಿಲ್ಲ; ಕಳೆದ ಕೊಡೆ ಸಿಕ್ಕವರ ಹಾಗೆ ನಗುತ್ತ ಹಾಡುತ್ತಿದ್ದರು.

‘ನಾ ತಪ್ಪು ಹೇಳಿದ್ದೆ, ರಾಯರ’ ಎಂದೆ ಹೊರಗೆ ಬಂದು. ‘ಇರಲಿ ಬಿಡ್ರಿ. ಕಿವಿ ಕೆಟ್ಟಿಲ್ಲಲ್ಲಾ, ಸಾಕು’ ಎಂದು ಅವರು ಸೈಕಲ್ ಹತ್ತಿದರು. ಹೌದು, ಹತ್ತಿದರು! ಪೆಡಲ್ ತುಳಿಯುತ್ತ, ಏದುಸಿರಿನಲ್ಲಿ ಸ್ವರ ಅಲ್ಲಾಡಿಸುತ್ತ ಕಾತ್ರಜದ ರಸ್ತೆಯಲ್ಲಿ ಹೊರಟೇಹೋದರು.

ಮುಂದಿನ ಮಂಗಳವಾರ ಅವರನ್ನು ಕರೆತರಲು ಫಾದರೇ ನೆಲಮಾಳಿಗೆಗೆ ಇಳಿದರಂತೆ. ತಾಲೀಮಿನಲ್ಲಿ ಎಲ್ಲರೂ ನಿಂತಾಗ ಫಾದರ್ ಜೇಬಿಗೆ ಕೈ ಹಾಕಲಿಲ್ಲ. ಖರ್ಜದ ಸಾಲಿನ ಕಡೆ ತಿರುಗಿ, ‘ಸವಣೂರ, ಸೂರ ದ್ಯಾ’ ಎಂದರು. ಮಾರ್ತಾಂಡರಾಯರು ಸ್ವರ ಕೊಟ್ಟರು. ಅವರು ನಿವೃತ್ತರಾದ ೧೯೮೮ರ ತನಕ ಆ ಕೊಠಡಿಯಲ್ಲಿ ಉಕ್ಕಿನ ಕಡ್ಡಿಯ ಸದ್ದು ಕೇಳಲಿಲ್ಲ.

ಇಂಥವರನ್ನು ನಾವು ಹಟಮಾರಿಗಳೆನ್ನುತ್ತೇವೆ, ನಮ್ಮೊಡನೆ ಹೊಂದಿಕೊಳ್ಳಲಾರದವರೆಂದು ಸಾಲಿನಿಂದ ಸರಿಸುತ್ತೇವೆ. ಹೊಂದಿಕೊಳ್ಳುವ ಆಸೆ ಅವರಿಗಿರುವಷ್ಟು ನಮಗಿರುವುದಿಲ್ಲವೆಂಬುದನ್ನು ಮಾತ್ರ ಕೇಳಿಸಿಕೊಳ್ಳುವುದಿಲ್ಲ. ನಾವೆಲ್ಲ ಒಬ್ಬರ ಭುಜಕ್ಕೊಬ್ಬರು ಆತು ಸುಖವಾಗಿ ಕೆಳಕ್ಕೆ ಜಾರುತ್ತಿರುವಾಗ, ಅವರು ಹೊರಟ ಜಾಗದಲ್ಲೇ ನಿಂತು, ನಾವು ಹಿಂದಿರುಗಿ ಬಂದೇವೆಂದು ಜಾಗ ಹಿಡಿದಿಟ್ಟಿರುತ್ತಾರೆ. ಬಂದ ಮೇಲೆ ಎಲ್ಲಿ ಹೋಗಿದ್ದಿರಿ ಎಂದು ಕೇಳುವುದೂ ಇಲ್ಲ.